ಮಾಳಿಗೆ ಹೋಗಿ ಸ್ಲ್ಯಾಬ್ ಬಂದ ಬಗೆ

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಬೇಸಿಗೆಯ ಮನೆಯನ್ನು ಕಾಯಿಸುವುದು ಗೋಡೆಗಿಂತ ಹೆಚ್ಚಾಗಿ ಅದರ ನೆತ್ತಿ. ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದ ಈ ಊರುಗಳಲ್ಲಿ ಮೇ ತಿಂಗಳ ಆರಂಭದಲ್ಲೊಮ್ಮೆ, ಆಗಸ್ಟ್ ಎರಡನೆಯ ವಾರದಲ್ಲೊಮ್ಮೆ ನಡುಹಗಲಿನ ಸೂರ್ಯ ನೇರ ತಲೆಯ ಮೇಲೆ ಬರುವುದರಿಂದ ಬಿಸಿಲಿನ ಹೊರೆಯ ಬಹುಪಾಲು ಬೀಳುವುದು ಚಾವಣಿಯ ಮೇಲೆಯೇ. ಯಂತ್ರಗಳ ನೆರವು ಆದಷ್ಟು ಕಡಿಮೆಯಿದ್ದು, ಕಟ್ಟಡದ ರಚನೆಯೇ ಒಳಗಿನ ಉಷ್ಣತೆಯನ್ನು ಹದದಲ್ಲಿಡುವ ಮನೆಗಳ ಚರ್ಚೆ ಬಂದಾಗ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಸಿದ್ಧವಾದ ಮನೆಯನ್ನು ಉದಾಹರಿಸುವುದು ರೂಢಿ. ಆದರೆ ಅಲ್ಲಿನ ಚಿಂತೆ ಚಳಿಗಾಲದ ಬಿಸಿಲನ್ನು ಗಾಜಿನ ಮೂಲಕ ಒಳಗೆ ತಂದು ಹಿಡಿದಿಡುವುದು. ತುಂಗಭದ್ರೆಯ ದಂಡೆಯ ಮನೆಗಾರರ ಚಿಂತೆ ಅದೇ ಬಿಸಿಲನ್ನು ಸಂಜೆಯವರೆಗೆ ಹೊರಗೇ ಕಾಯಿಸುವುದು.

ಈ ಕೆಲಸವನ್ನು ಮಾಡುತ್ತಿದ್ದುದು ಮಾಳಿಗೆ ಮನೆ, ಅಂದರೆ ಮಣ್ಣು ಹೊದಿಸಿದ ಸಮತಟ್ಟು ಚಾವಣಿಯ ಮನೆ. ಅದು ಹಳೆಯ ಕ್ರಮವೇ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಹೊಸದಾಗಿ ಕಟ್ಟಿಸಿದ ಪಟ್ಟಣದ, ಎಂದರೆ ಇಂದಿನ ಹೊಸಪೇಟೆಯ, ಮನೆಗಳು ಒಂದೇ ಅಂತಸ್ತಿನವು, ಸಮತಟ್ಟು ಮಾಡಿನವು, ಕಂಬಗಳೂ ಒಳಹೊರಗೆ ಪಡಸಾಲೆಗಳೂ ಇದ್ದವು ಎಂದು ಬರೆದಿದ್ದಾನೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೂ ಕಂಪ್ಲಿಯ ಓಣಿಗಳಲ್ಲಿ ಕಾಣುತ್ತಿದ್ದುದು ಹೆಚ್ಚುಕಡಿಮೆ ಇದೇ ಮಾದರಿ: ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಬೇವು ಜಾಲಿಗಳ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ತೆಳುಗಟ್ಟಿಗೆ ಮತ್ತು ಹುಳ ಹತ್ತದಿರಲೆಂದು ಬೇವಿನ ಇಲ್ಲವೆ ಲಕ್ಕಿಯ ಸೊಪ್ಪು, ಅದರ ಮೇಲೆ ತುಳಿದು ಹದಗೊಳಿಸಿದ ಕೆಸರು, ಎಲ್ಲಕ್ಕೂ ಮೇಲೆ ಸೌಳು ಮಣ್ಣು. ಹೊಗೆ ಮತ್ತು ಬಿಸಿಗಾಳಿ ಮೇಲೇರಿ ಹೋಗಲೆಂದು ನೆತ್ತಿಯಲ್ಲಿ ಬಿಟ್ಟ ಬೆಳಕಿಂಡಿಗೆ ಮಳೆ ಬಂದಾಗ ಒಂದು ಮುಚ್ಚಳ. ಅಡಿಗೂ ಮಿಕ್ಕ ಮಣ್ಣಿನ ಪದರವನ್ನು ದಾಟಲು ಮಧ್ಯಾಹ್ನದ ಕಾವಿಗೆ ಎಂಟು ಹತ್ತು ಗಂಟೆ ಬೇಕು. ಅದು ಒಳಗೆ ತಲುಪುವ ಹೊತ್ತಿಗೆ ಹೊರಗೆ ತಂಗಾಳಿ ಆಡುತ್ತಿರುತ್ತದೆ, ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಾರೆ.

ಸೌಳು ಮಣ್ಣೆಂದರೆ ಸೋಡಿಯಂ ಹೆಚ್ಚಿರುವ, ಬೆಳೆಗೆ ಬಾರದ ಮಣ್ಣು. ನೀರು ತಾಗಿದಾಗ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚುವುದರಿಂದ ಮೊದಲ ಮಳೆಗೆ ಮಾಡು ತಾನಾಗಿ ಬಿಗಿಯುತ್ತದೆ. ಹೊಲದಲ್ಲಿ ನೀರನ್ನು ಇಂಗಗೊಡದ ಈ ಗುಣವೇ ಮಾಳಿಗೆಯಲ್ಲಿ ಬೆಲೆಬಾಳುವ ಗುಣ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಿಳಿದ ಮೇಲೆ ಅಚ್ಚುಕಟ್ಟಿನ ಹಲವೆಡೆ ಭೂಮಿ ಜೌಗಾಗಿ, ಸೌಳಾಗಿ ರೈತರನ್ನು ಕಾಡಿತು. ಮಾಳಿಗೆಗೆ ಬೇಕಾದ ಮಣ್ಣು ಹೆಚ್ಚಿದ ಕಾಲದಲ್ಲಿಯೇ ಮಾಳಿಗೆಗಳು ಕಡಿಮೆಯಾಗತೊಡಗಿದವು.

ಕಾರಣ ಕೂಲಿ. ರೋಹಿಣಿ ಮಳೆಗೆ ಮುನ್ನ ಪ್ರತಿವರ್ಷ ಬಂಡಿಗಟ್ಟಲೆ ಮಣ್ಣು ತಂದು, ಬುಟ್ಟಿಯಲ್ಲಿ ಹೊತ್ತು ಏಣಿ ಹತ್ತಿ, ಹರಡಿ ಒತ್ತಬೇಕಿತ್ತು. ಜಂತಿಗೆ ಗೆದ್ದಲು ಹತ್ತಿದರೆ ಬದಲಿಸಬೇಕಿತ್ತು. ಜಡಿಮಳೆಯಲ್ಲಿ ಸೋರಿದ ಕಡೆಗೆಲ್ಲ ಪಾತ್ರೆ ಇಡಬೇಕಿತ್ತು. ಭತ್ತ, ಕಬ್ಬಿನ ಗದ್ದೆಗಳಿಗೇ ಆಳು ಸಾಲದಿದ್ದಾಗ ಈ ಕೆಲಸಕ್ಕೆ ಯಾರು ಬರಬೇಕು? ಹಳೆಯ ಮನೆಗಳ ತಂಪನ್ನು ಹಾಡಿಹೊಗಳುವವರು ಆ ತಂಪು ಯಾರ ಬೆನ್ನಿನ ಮೇಲೆ ಮಾಳಿಗೆ ಏರುತ್ತಿತ್ತು ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಕಾಂಕ್ರೀಟ್ ಸ್ಲ್ಯಾಬ್ ಸೋರದು, ಮೇಲೊಂದು ಅಂತಸ್ತು ಹೊರುತ್ತದೆ; ಹಾಗಾಗಿ ಜನ ಅದನ್ನು ಆರಿಸಿಕೊಂಡದ್ದು ಮರುಳಿನಿಂದಲ್ಲ. ಬೆಲೆ ತೆತ್ತದ್ದು ಬೇರೆ ಕಡೆ: ನಾಲ್ಕೈದು ಅಂಗುಲದ ಸ್ಲ್ಯಾಬನ್ನು ಕಾವು ಎರಡು ಮೂರು ಗಂಟೆಗಳಲ್ಲೇ ದಾಟುತ್ತದೆ, ಮತ್ತು ಕೆಳಗಿನ ಕೋಣೆ ರಾತ್ರಿಯವರೆಗೂ ಕಾದೇ ಇರುತ್ತದೆ. ಮೊದಲು ಫ್ಯಾನ್, ಬಳಿಕ ಕೂಲರ್, ಈಗ ಎಸಿ ಬಂದದ್ದು ಈ ದಾರಿಯಲ್ಲಿ.

ಸಂಡೂರಿನ ಕಥೆಗೆ ಇನ್ನೊಂದು ಮಗ್ಗುಲಿದೆ. ಬಿಳಿಯ ಸುಣ್ಣ ಬಳಿದ ಮಾಡು ಬಿಸಿಲಿನ ಹೆಚ್ಚಿನ ಭಾಗವನ್ನು ಹಿಂದಕ್ಕೆ ಚೆಲ್ಲುತ್ತದೆ, ಆದರೆ ಅದು ಬಿಳಿಯಾಗಿ ಉಳಿದರೆ ಮಾತ್ರ. 2000ದ ದಶಕದ ಗಣಿಗಾರಿಕೆಯ ಭರಾಟೆಯಲ್ಲಿ, ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತಡೆಯೊಡ್ಡುವವರೆಗೆ, ಅದಿರಿನ ಲಾರಿಗಳು ಸಾಗುತ್ತಿದ್ದ ರಸ್ತೆಗಳ ಬದಿಯ ಗಿಡ, ಗೋಡೆ, ಚಾವಣಿಗಳೆಲ್ಲ ಕೆಂಪಾಗಿದ್ದವು. ಧೂಳಿಗೆ ಹೆದರಿ ಕಿಟಕಿ ಮುಚ್ಚಿದವರಿಗೆ ರಾತ್ರಿಯ ಗಾಳಿಯೂ ದಕ್ಕಲಿಲ್ಲ. ಹೊರಗಿನ ಗಾಳಿ ಚೆನ್ನಾಗಿಲ್ಲದ ಊರಿನಲ್ಲಿ ಎಂಥ ಜಾಣ ವಿನ್ಯಾಸವೂ ಅರ್ಧ ಸೋಲುತ್ತದೆ.

ಹಂಪಿಯ ಎದುರುದಂಡೆಯ ಆನೆಗೊಂದಿಯಲ್ಲಿ 1997ರಿಂದ ದುಡಿಯುತ್ತಿರುವ ಕಿಷ್ಕಿಂಧಾ ಟ್ರಸ್ಟ್ ಹಳೆಯ ಮನೆಗಳನ್ನು ದುರಸ್ತಿ ಮಾಡಿ ಬಳಕೆಗೆ ತಂದಿದೆ. ಉಳಿದ ಊರುಗಳಲ್ಲಿ ಜನ ಕಂಡುಕೊಂಡ ಉಪಾಯ ಸರಳ: ಸ್ಲ್ಯಾಬಿನ ಮೇಲೆ ಕಬ್ಬಿಣದ ಕಾಲು ನಿಲ್ಲಿಸಿ ತಗಡಿನ ಚಪ್ಪರ ಹಾಕುವುದು. ನೋಟಕ್ಕೆ ಒರಟಾದರೂ ನೆರಳು ಮತ್ತು ನಡುವೆ ಆಡುವ ಗಾಳಿ ಎರಡೂ ಸಿಗುವುದರಿಂದ ಅದು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಕೇಂದ್ರ ಸರ್ಕಾರದ 2018ರ ಇಕೋ ನಿವಾಸ್ ಸಂಹಿತೆ, ಚಾವಣಿಯ ಒಂದು ಚದರ ಮೀಟರಿನ ಮೂಲಕ ಪ್ರತಿ ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ ಹರಿಯಬಹುದಾದ ಶಾಖಕ್ಕೆ 1.2 ವ್ಯಾಟ್‌ಗಳ ಮಿತಿ ಇಟ್ಟಿದೆ. ಬರಿಯ ಸ್ಲ್ಯಾಬ್ ಇದರ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಒಳಬಿಡುತ್ತದೆ. ಆದರೆ ಸಂಹಿತೆ ಅನ್ವಯಿಸುವುದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆ. ಹೊಸಪೇಟೆಯ ಬಡಾವಣೆಗಳಲ್ಲಿ ಕಾಣುವ ಮೂವತ್ತು-ನಲವತ್ತರ ಸೈಟು 111 ಚದರ ಮೀಟರ್ ಮಾತ್ರವಾದ್ದರಿಂದ, ಅಲ್ಲಿ ಚಾವಣಿಯ ದಪ್ಪವನ್ನೂ ಬಣ್ಣವನ್ನೂ ಇಂದಿಗೂ ನಿರ್ಧರಿಸುತ್ತಿರುವವರು ಮನೆಯ ಯಜಮಾನ ಮತ್ತು ಮೇಸ್ತ್ರಿ ಇಬ್ಬರೇ.