ಅವ್ವನ ಗಂಟಿನಲ್ಲಿ ಮಗಳ ಹತ್ತಿ

2020ರ ನವೆಂಬರ್. ಬೆಳಗಿನ ಏಳಕ್ಕೆ ಯಾದಗಿರಿ ಜಿಲ್ಲೆಯ ಸೈದಾಪುರದಿಂದ ಹೊರಟ ಟಂಟಂ ಏರಿದ್ದೀರಿ. ಒಂದು ಕಾಲಿಡುವಷ್ಟೇ ಜಾಗ. ಕೂಲಿ ಹೆಂಗಸರ ನಡುನಡುವೆ ಸಾಲಿ ಹುಡುಗರು. ಒಬ್ಬನ ಮೈಮೇಲೆ ಸಮವಸ್ತ್ರದ ಅಂಗಿಯೇ ಇದೆ. ಸಾಲಿಯಂತೂ ಇಲ್ಲ, ಹತ್ತಿಗಿಡ ತರಚಿದರೆ ಅದೇ ಹರಿಯಲಿ.

ಕರಿ ಹೊಲ. ಇಬ್ಬನಿಗೆ ನಿಮ್ಮ ಪ್ಯಾಂಟು ಮೊಣಕಾಲವರೆಗೆ ಒದ್ದೆ. ತಲೆಗೊಂದು ಸಾಲು ಹಿಡಿಯುತ್ತಾರೆ. ಪಕ್ಕದ ಸಾಲಿನ ಹುಡುಗಿಗೆ ಹದಿಮೂರಿರಬಹುದು. ಒಡೆದ ಕಾಯಿಗೆ ಬೆರಳಿಟ್ಟು ಒಂದೇ ಸೆಳೆತಕ್ಕೆ ಅಷ್ಟೂ ಹತ್ತಿ ಕಿತ್ತು ಉಡಿಗೆ ಹಾಕುತ್ತಾಳೆ. ನೀವೂ ಕೈಹಾಕುತ್ತೀರಿ. ಒಣ ಸಿಪ್ಪೆಯ ಮೊನೆ ಉಗುರಿನ ಬುಡಕ್ಕೆ ಚುಚ್ಚುತ್ತದೆ, ಹತ್ತಿಯ ಜೊತೆ ಎಲೆಪುಡಿಯೂ ಬರುತ್ತದೆ.

"ಕಸ ಬರ್ಲಕ್ಕತ್ಯದ, ನೋಡಿ ಬಿಡಸ್ರೀ," ನಗುತ್ತಾಳೆ.

ಎಷ್ಟನೇ ಇಯತ್ತೆ ಎಂದು ಕೇಳುತ್ತೀರಿ.

"ಏಳರಾಗಿದ್ದೆ. ಪರೀಕ್ಷಿ ಇಲ್ದೇ ಎಂಟಕ್ಕ ಹಾಕ್ಯಾರ."

ಅವಳ ಮನೆಮಂದಿ ಪುಣೆಯ ಕಟ್ಟಡ ಕೆಲಸದಿಂದ ಮರಳಿದ್ದು ಮೇ ತಿಂಗಳಲ್ಲಿ. ಕ್ವಾರಂಟೈನ್ ಆದದ್ದು ಸಾಲಿ ಕೋಣೆಯಲ್ಲೇ. ಲಾಕ್‌ಡೌನಿನಲ್ಲಿ ಇಲ್ಲಿನ ಎಷ್ಟೋ ಸಾಲಿಗಳ ಬೀಗ ತೆಗೆದದ್ದು ಪಾಠಕ್ಕಲ್ಲ, ಇದಕ್ಕೆ. ಆಗಸ್ಟಿನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ವಿದ್ಯಾಗಮ ಶುರುವಾದಾಗ ಗುಡಿ ಕಟ್ಟೆಗೆ ಮಾಸ್ತರು ಬರುತ್ತಿದ್ದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದನ್ನೂ ಸರ್ಕಾರ ನಿಲ್ಲಿಸಿತು. ಚಂದನ ವಾಹಿನಿಯಲ್ಲಿ ಪಾಠ ಬರುತ್ತದೆ, ಟಿ.ವಿ. ಇದ್ದವರ ಮನೆಯಲ್ಲಿ.

ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚುತ್ತಾರೆ. ನಿಮಗೂ ಒಂದು ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ. ಬಿಸಿಯೂಟದ ಬದಲು ಮಕ್ಕಳಿಗೆ ಕೊಟ್ಟ ಅಕ್ಕಿ ಬೇಳೆ ಮನೆಮಂದಿಗೆಲ್ಲ ಒಂದೇ ಗಡಿಗೆಯಲ್ಲಿ ಬೇಯುತ್ತದೆ. ಅದು ಆಗುವುದೇ ಹಾಗೆ. ಯಾದಗಿರಿಯ ಸಾಲಿ ತಟ್ಟೆಗೆ ತತ್ತಿ ಬರಲು ಇನ್ನೂ ಒಂದು ವರ್ಷ ಬೇಕು, 2021ರ ಡಿಸೆಂಬರ್.

ಸಂಜೆ ತೂಕ. ಕೂಲಿ ಕಿಲೋ ಲೆಕ್ಕದಲ್ಲಿ. ಹುಡುಗಿ ತನ್ನ ಹತ್ತಿಯನ್ನು ಅವ್ವನ ಗಂಟಿಗೇ ಸುರಿಯುತ್ತಾಳೆ. ಮಾಲಕ ಬರೆದುಕೊಳ್ಳುವುದು ಅವ್ವನ ಹೆಸರು ಮಾತ್ರ. ಈ ದಿನಕ್ಕೆ ಸಾಲಿಯಲ್ಲಿ ಹಾಜರಿ ಪುಸ್ತಕ ತೆರೆದಿಲ್ಲ, ಆದ್ದರಿಂದ ಅವಳು ಅಲ್ಲಿ ಗೈರೂ ಅಲ್ಲ. ಹದಿನಾಲ್ಕರೊಳಗಿನವರನ್ನು ಕೂಲಿಗೆ ಹಚ್ಚಬಾರದೆಂಬ ಕಾಯ್ದೆ ಹಿಡಿದು ಯಾರಾದರೂ ಬಂದರೆ, ಇಲ್ಲಿಯೂ ಅವಳಿಲ್ಲ.

ಸಾಲಿ ತೆರೆದರೆ ಕಳಿಸುತ್ತೀರಾ? ಅವ್ವನನ್ನು ಕೇಳುತ್ತೀರಿ.

"ಕಳಸ್ತೀನ್ರೀ, ಯಾಕ್ ಕಳಸಲ್ಲ," ಗಂಟು ಬಿಗಿಯುತ್ತಾಳೆ. "ಪುಣೆದಾಗ ಕೆಲಸ ಚಾಲೂ ಆಗ್ಯದಂತ ಫೋನ್ ಬಂದದ. ಸಣ್ಣ ಕೂಸು ಹಿಡ್ಕೊಳ್ಲಕ್ಕ ಯಾರರ ಬೇಕಲ್ಲ."