ಬ್ಲ್ಯಾಕ್ ಟ್ಯಾಂಕ್

ಹೋದ ಬೇಸಿಗೆಯಲ್ಲಿ ನಾವು ನಾಲ್ವರು ಪಿಎಚ್.ಡಿ. ವಿದ್ಯಾರ್ಥಿಗಳು ಆರ್.ವಿ. ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನಿಗೆ ಹೋಗಿದ್ದೆವು. ಆರ್.ವಿ. ಅಂದರೆ ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲವನ್ನೂ ಹೊತ್ತು ತಿರುಗುವ ಬಸ್ಸಿನಂಥ ಗಾಡಿ. ಕೀಲಿ ಕೊಟ್ಟವನು ಬ್ರೇಕಿನ ಬಗ್ಗೆ ಎರಡು ಮಾತು ಹೇಳಿ, ಕಕ್ಕಸಿನ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದ.

ಗಾಡಿಯ ಹೊಟ್ಟೆಯಡಿ ಎರಡು ಟ್ಯಾಂಕು. ಸಿಂಕಿನ, ಸ್ನಾನದ ನೀರು ಗ್ರೇ ಟ್ಯಾಂಕಿಗೆ. ಕಕ್ಕಸಿನದು ಬ್ಲ್ಯಾಕ್ ಟ್ಯಾಂಕಿಗೆ. ಉದ್ಯಾನದಲ್ಲಿ ಪಾತ್ರೆ ತೊಳೆದ ನೀರನ್ನೂ ನೆಲಕ್ಕೆ ಬಿಡುವಂತಿಲ್ಲ, ಡಂಪ್ ಸ್ಟೇಷನ್ನಿಗೇ ಒಯ್ಯಬೇಕು. ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನು ತುಂಬುವ ತನಕ ಮುಚ್ಚಿಯೇ ಇಡಬೇಕು. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿಯಾದದ್ದು ಒಳಗೇ ಒಣಗಿ ಕೂರುತ್ತದೆ. ಯೆಲ್ಲೋಸ್ಟೋನಿನೊಳಗೆ ಗಾಡಿಗೆ ನೇರ ಒಳಚರಂಡಿ ಸಂಪರ್ಕ ಸಿಗುವುದು ಫಿಶಿಂಗ್ ಬ್ರಿಡ್ಜಿನ ಪಾರ್ಕಿನಲ್ಲಿ ಮಾತ್ರ. ನಮಗಲ್ಲಿ ಜಾಗ ಸಿಕ್ಕಿರಲಿಲ್ಲ.

ಮೂರನೇ ದಿನ ಟ್ಯಾಂಕು ತುಂಬಿತು. ಯಾರೂ ಮುಂದೆ ಬರಲಿಲ್ಲ. ಚೀಟಿ ಎತ್ತಿದೆವು, ನನ್ನ ಹೆಸರು ಬಂತು. ಗ್ಲೌಸ್ ತೊಟ್ಟು ಪೈಪು ಸಿಕ್ಕಿಸಿದೆ. ಧಾರವಾಡದ ಗೆಳೆಯ ದೂರದಲ್ಲಿ ಮೂಗು ಮುಚ್ಚಿಕೊಂಡು ಸೂಚನೆಗಳನ್ನು ಓದುತ್ತಿದ್ದ: "ಮೊದಲ ಬ್ಲ್ಯಾಕ್ ಬಿಡಲೇ, ಆಮ್ಯಾಲ ಗ್ರೇ. ಆ ನೀರಿಗೆ ಪೈಪ್ ತೊಳೀತೈತಿ." ಕೈಯಲ್ಲಿದ್ದ ಪೈಪು ಹಾವಿನಂತೆ ಮಿಸುಕಿತು. ಪಕ್ಕದ ಗಾಡಿಯ ಅಜ್ಜ ಒಂದು ಕೈಯಲ್ಲಿ ಕಾಫಿ ಹಿಡಿದು ತನ್ನ ಟ್ಯಾಂಕು ಖಾಲಿ ಮಾಡುತ್ತಾ ಹವೆಯ ಬಗ್ಗೆ ಮಾತಾಡುತ್ತಿದ್ದ. ವಾಸನೆಗಿಂತ ಹೆಚ್ಚು ನನ್ನನ್ನು ಕಲಕಿದ್ದು ಅವನ ನಿರಾಳ.

2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದರು. ನಾನು ಪೇಪರಿನಲ್ಲಿ ಆ ಸುದ್ದಿ ನೋಡುತ್ತಿದ್ದಾಗ ಅಪ್ಪ ಅದನ್ನು ತೆಗೆದು ಮಡಚಿಟ್ಟರು, ತಿಂಡಿ ತಿನ್ನುವ ಹೊತ್ತು ಅದು. ಕೆಲವೇ ತಿಂಗಳ ನಂತರ ನಮ್ಮ ಮನೆಯ ಹಿತ್ತಿಲ ಗುಂಡಿ ತುಂಬಿತು. ಒಬ್ಬ ಬಂದ, ಬಕೆಟ್ಟು ಹಿಡಿದು ಇಳಿದ. ಗ್ಲೌಸ್ ಇರಲಿಲ್ಲ. ನಮ್ಮನ್ನು ಒಳಗೆ ಕಳಿಸಿ ಕಿಟಕಿ ಹಾಕಿದರು. ಕಿಟಕಿಯ ಸಂದಿಯಿಂದ ಕಂಡದ್ದು ಇಷ್ಟೆ: ಅಮ್ಮ ಪ್ಲಾಸ್ಟಿಕ್ ಲೋಟದ ಚಹಾವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದದ್ದು. ಇಂಥ ಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಅಪರಾಧವೆಂದ ಕಾಯ್ದೆ ಬಂದದ್ದು 2013ರಲ್ಲಿ. ಅಷ್ಟರಲ್ಲಿ ನಮ್ಮ ಗುಂಡಿ ಇನ್ನೊಮ್ಮೆ ತುಂಬಿ ಖಾಲಿಯಾಗಿತ್ತು.

ಸಂಜೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅಯ್ಯೋ, ಅದಕ್ಕೆ ಅಲ್ಲಿ ಯಾರೂ ಸಿಗಲ್ವೇನೋ?"

"ನಮ್ಮನೆ ಗುಂಡಿಗೆ ಬರ್ತಿದ್ರಲ್ಲಮ್ಮ, ಅವರ ಹೆಸರೇನು?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಗೊತ್ತಿಲ್ಲ ಕಣೋ. ಹಾಲಿನವನು ಕರ್ಕೊಂಡು ಬರ್ತಿದ್ದ."