ಆಟಿಗೊಮ್ಮೆ ಇಳಿಯುತ್ತಿದ್ದ ನಿಯಮ

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಲ್ಲಿ ‘ಟೇಬಲ್‌ಟಾಪ್’ ಎಂದರೆ ಯಾರಿಗೂ ಆಟ ನೆನಪಾಗುವುದಿಲ್ಲ, ವಿಮಾನ ನೆನಪಾಗುತ್ತದೆ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಹಾಕಿದ ರನ್‌ವೇಗೆ ಇಲ್ಲಿ ಆ ಹೆಸರು. 2010ರ ಮೇ 22ರ ವಿಮಾನ ದುರಂತದ ನಂತರ ಈ ಪದ ದೇಶದ ಮನೆಮನೆಗೂ ತಲುಪಿತು. ಅದೇ ಪದಕ್ಕೆ ಹೊರಗಿನ ಜಗತ್ತಿನಲ್ಲಿ ಹಗುರವಾದ ಇನ್ನೊಂದು ಅರ್ಥವಿದೆ: ಮೇಜಿನ ಸುತ್ತ ಕೂತು ಆಡುವ ಆಟ. ಆ ಆಟಗಳ ಅಭಿಮಾನಿಗಳ ನಡುವೆ ಒಂದು ತಕರಾರು ಇಂದಿಗೂ ತೀರಿಲ್ಲ. ಪ್ರಕಾಶಕರು ಹೊಸ ನಿಯಮಗಳನ್ನು ಒಂದೇ ಸಲ ಕೈಗಿಡದೆ, ಕಂತಿನಲ್ಲಿ, ತಿಂಗಳುಗಟ್ಟಲೆ ಎಳೆದು ಹೊರತರುವುದು ಸರಿಯೇ? ಇದು ಆಟಗಾರರ ಮೇಲಿನ ಗೌರವವೋ, ಅವರ ಜೇಬಿನ ಮೇಲಿನ ಕಣ್ಣೋ? ಈ ಪ್ರಶ್ನೆಯನ್ನು ಬಜಪೆಯ ಸುತ್ತಲ ಊರುಗಳಲ್ಲಿ ನಿಂತು ಕೇಳಿಕೊಳ್ಳುವುದಕ್ಕೆ ಕಾರಣವಿದೆ. ಪ್ರಕಾಶಕನೇ ಇಲ್ಲದೆ ತಲೆತಲಾಂತರ ನಡೆದುಬಂದ ಒಂದು ಆಟ ಇಲ್ಲಿತ್ತು. ಅದಕ್ಕೆ ಪ್ರಕಾಶಕ ಹುಟ್ಟಿಕೊಂಡದ್ದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ಆ ಆಟ ಚೆನ್ನೆಮಣೆ.

ಮರದ ಒಂದು ಮಣೆ, ಎದುರುಬದುರು ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಕಾಯಿಯೆಂದರೆ ಕೆಂಪು ಮಂಜೊಟ್ಟಿ, ಅದಿಲ್ಲದಿದ್ದರೆ ಹುಣಸೆ ಬೀಜ. ಇಷ್ಟರ ಮಟ್ಟಿಗೆ ಊರೆಲ್ಲ ಒಂದೇ ಮಾತು. ಇದರಾಚೆಗೆ ಮನೆಗೊಂದು ಮಾತು. ಕೈಯಲ್ಲಿದ್ದ ಕಾಯಿ ಮುಗಿದಲ್ಲಿ ಮುಂದಿನ ಗುಳಿಯನ್ನು ಬಾಚಿ ಹಂಚುತ್ತ ಹೋಗುವುದು, ಬರಿಗುಳಿ ಎದುರಾದರೆ ಅದರಾಚೆಯದನ್ನು ಗೆದ್ದುಕೊಳ್ಳುವುದು ಸಾಮಾನ್ಯ ಕ್ರಮ. ಆದರೆ ಗೆದ್ದ ಗುಳಿಯ ಎದುರಿನದೂ ಸೇರಿ ಬರುತ್ತದೆಯೇ? ಆಟದ ನಡುವೆ ಒಂದು ಗುಳಿಯಲ್ಲಿ ನಾಲ್ಕು ಕೂಡಿದರೆ ಅದು ಯಾರ ಪಾಲು? ಸೋತವಳಿಗೆ ಮುಂದಿನ ಸುತ್ತಿನಲ್ಲಿ ತುಂಬಲಾಗದ ಗುಳಿಗಳ ಗತಿಯೇನು? ಇವಕ್ಕೆ ಉತ್ತರ ಇದ್ದದ್ದು ಆಯಾ ಮನೆಯ ಹಿರಿಯ ಹೆಂಗಸಿನ ನಾಲಿಗೆಯ ಮೇಲೆ. ಅರಸು ಆಟ, ಸೀತೆ ಆಟ, ಜೋಡುಪೆರ್ಗ ಎಂದು ಒಂದೇ ಮಣೆಯಲ್ಲಿ ಹಲವು ಆಟ. ತುಳುವಿನ ಹಾಡುಗತೆಯಾದ ಸಿರಿ ಪಾಡ್ದನದ ಅಬ್ಬಗ-ದಾರಗ ಅವಳಿ ಸೋದರಿಯರು ಚೆನ್ನೆ ಆಡುತ್ತ ಜಗಳಕ್ಕಿಳಿದು ಸಾವು ಕಂಡರೆಂಬ ಕಾರಣಕ್ಕೆ ಅಕ್ಕ-ತಂಗಿ ಎದುರುಬದುರು ಕೂರಬಾರದೆಂಬ ಕಟ್ಟುಪಾಡೂ ಇತ್ತು. ಹಾಡುಗಾರ ಗೋಪಾಲ ನಾಯ್ಕರ ಬಾಯಿಂದ ಬಂದು 1998ರಲ್ಲಿ ಅಚ್ಚಾದ ಸಿರಿ ಮಹಾಕಾವ್ಯ 15,683 ಸಾಲುಗಳಷ್ಟಿದೆ. ಆದರೆ ಆ ಕಟ್ಟುಪಾಡು ಮುದ್ರಣಕ್ಕೆ ಕಾಯಲಿಲ್ಲ. ಅದನ್ನು ಹೊರಡಿಸಿದವರು ಯಾರೂ ಇಲ್ಲ, ಪಾಲಿಸಿದವರು ಎಲ್ಲರೂ.

ಮಣೆ ಅಟ್ಟದಿಂದ ಇಳಿಯುತ್ತಿದ್ದದ್ದು ತುಳುವರ ಆಟಿ ತಿಂಗಳಲ್ಲಿ. ನೇಜಿ ನೆಟ್ಟು ಮುಗಿದಿರುತ್ತಿತ್ತು, ಮಳೆ ಬಿಡುವು ಕೊಡುತ್ತಿರಲಿಲ್ಲ, ಶುಭಕಾರ್ಯಗಳಿರಲಿಲ್ಲ. ಹೊಸದಾಗಿ ಮದುವೆಯಾದವಳು ತವರಿಗೆ ಬಂದು ಕೂರುವ ತಿಂಗಳೂ ಅದೇ. ನನ್ನ ವಾದದ ಬೇರು ಇರುವುದು ಇಲ್ಲಿ. ಕೈಕಂಬದಿಂದ ಪೆರ್ಮುದೆಗೆ ಕೊಟ್ಟ ಹೆಣ್ಣು ಆಟಿಗೆ ಮರಳುವಾಗ ಗಂಡನ ಮನೆಯ ಆಟದ ಕ್ರಮವೂ ಅವಳ ಜೊತೆ ಬರುತ್ತಿತ್ತು. ತವರಿನ ಜಗಲಿಯಲ್ಲಿ ಅದನ್ನು ತಿಂಗಳಿಡೀ ಆಡಿ ನೋಡುತ್ತಿದ್ದರು. ಹಿಡಿಸಿದರೆ ಉಳಿಯಿತು, ಹಿಡಿಸದಿದ್ದರೆ ಸೋಣ ಬರುವ ಹೊತ್ತಿಗೆ ಮರೆತುಹೋಯಿತು. ಹೊಸ ನಿಯಮಕ್ಕೆ ವರ್ಷದಲ್ಲಿ ಒಂದೇ ತಿಂಗಳ ಅವಕಾಶ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ಒಂದು ಮದುವೆಯಷ್ಟು ಕಾಲ. ಇದಕ್ಕಿಂತ ನಿಧಾನದ ಪ್ರಕಾಶನ ಯಾವುದಿದೆ? ಆದರೂ ಯಾರೂ ತಡವಾಯಿತೆಂದು ಗೊಣಗಲಿಲ್ಲ. ಕಾಯುವವರೂ ಪರೀಕ್ಷಿಸುವವರೂ ಅದೇ ಜನವಾಗಿದ್ದರು. ಹಾಗಾಗಿ ನಾನು ಹೇಳುವುದು ಇಷ್ಟೇ: ನಿಯಮ ತಡವಾಗಿ ಬರುವುದು ದೋಷವಲ್ಲ. ಆ ತಡದ ಅವಧಿಯಲ್ಲಿ ಅದನ್ನು ಆಡಿ ನೋಡುವವರಿಲ್ಲದಿದ್ದರೆ ಅದು ದೋಷ.

ಈ ವ್ಯವಸ್ಥೆ ಕಳಚಿಕೊಂಡ ಬಗೆಯನ್ನು ಬಜಪೆಯಷ್ಟು ಸ್ಪಷ್ಟವಾಗಿ ತೋರಿಸುವ ಊರು ಅಪರೂಪ. 1951ರ ಡಿಸೆಂಬರ್ 25ರಂದು ನೆಹರೂ ಕೂತಿದ್ದ ಡಕೋಟಾ ಇಲ್ಲಿಳಿದಾಗ ಊರಿಗೆ ವಿಮಾನ ಬಂತು, ಆದರೆ ಊರಿನ ದಿನಚರಿ ಬಹುಕಾಲ ಗದ್ದೆಯದೇ ಆಗಿತ್ತು. 2006 ಆ ದಿನಚರಿಯನ್ನು ಅಲುಗಾಡಿಸಿದ ವರ್ಷ. ಜನವರಿಯಲ್ಲಿ ಎರಡನೆಯ ರನ್‌ವೇ ತೆರೆಯಿತು, ಅಕ್ಟೋಬರ್‌ನಲ್ಲಿ ದುಬೈಗೆ ನೇರ ವಿಮಾನ ಹಾರಿತು. ಅದೇ ದಶಕದಲ್ಲಿ ಪೆರ್ಮುದೆ, ಕಳವಾರು ಕಡೆಯ ಕೃಷಿಭೂಮಿ ವಿಶೇಷ ಆರ್ಥಿಕ ವಲಯಕ್ಕೆ ಹೋಯಿತು. ಗದ್ದೆ ಹೋದಲ್ಲಿ ನೇಜಿಯ ನಂತರದ ಬಿಡುವು ಎಂಬುದಕ್ಕೆ ಅರ್ಥ ಉಳಿಯಲಿಲ್ಲ. ಕೊಲ್ಲಿಯಲ್ಲಿ ಸಂಸಾರ ಹೂಡಿದವಳು ಆಟಿಗೆ ಬರುವುದಿಲ್ಲ, ಮಕ್ಕಳ ಶಾಲೆಯ ರಜೆಗೆ ಬರುತ್ತಾಳೆ. ಹಂಚಿನ ಮಾಡು ಹೋಗಿ ತಾರಸಿ ಬಂದಾಗ ಅಟ್ಟವೂ ಹೋಯಿತು; ವರ್ಷದ ಹನ್ನೊಂದು ತಿಂಗಳು ಮಣೆ ಮಲಗುತ್ತಿದ್ದ ಜಾಗವೇ ಇಲ್ಲವಾಯಿತು. ಆಟ ಜಗಲಿ ಬಿಟ್ಟು ಸಭಾಭವನ ಸೇರಿತು. ‘ಆಟಿಡೊಂಜಿ ದಿನ’ ಎಂಬ ಹೆಸರಿನಲ್ಲಿ ಪತ್ರೊಡೆ, ತಜಂಕಿನ ಪಲ್ಯಗಳ ಜೊತೆ ಚೆನ್ನೆಮಣೆಯೂ ಒಂದು ಸ್ಪರ್ಧೆಯಾಯಿತು. ಸ್ಪರ್ಧೆಯೆಂದ ಮೇಲೆ ತೀರ್ಪುಗಾರ ಬೇಕು, ತೀರ್ಪುಗಾರನ ಕೈಯಲ್ಲಿ ಒಂದು ಹಾಳೆ ಬೇಕು. ಆ ಹಾಳೆಯೊಂದಿಗೆ ಚೆನ್ನೆಗೆ ಪ್ರಕಾಶಕ ಹುಟ್ಟಿದ. ಎರಡು ಮನೆಗಳ ಎರಡು ಕ್ರಮ ಒಂದೇ ಮಣೆಯ ಎದುರು ಕೂತಾಗ ‘ನಮ್ಮಲ್ಲಿ ಹೀಗಲ್ಲ’ ಎಂಬ ಮಾತು ಮೊದಲ ಬಾರಿಗೆ ದೂರಿನ ಧ್ವನಿ ಪಡೆಯಿತು. ಜಗಲಿಯಲ್ಲಿ ಅದೇ ಮಾತು ಕಲಿಕೆಯ ಆರಂಭವಾಗಿತ್ತು.

ಪ್ರಕಾಶಕನಿರುವ ಆಟಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ನ ಮುಂದುವರಿದ ಆವೃತ್ತಿಯನ್ನು ಗ್ಯಾರಿ ಗೈಗ್ಯಾಕ್ಸ್ ಮೂರು ಪುಸ್ತಕಗಳಲ್ಲಿ ತಂದರು: ರಾಕ್ಷಸರ ಪುಸ್ತಕ 1977ರಲ್ಲಿ, ಆಟಗಾರರದು 1978ರಲ್ಲಿ, ಆಟ ನಡೆಸುವವನದು 1979ರಲ್ಲಿ. ಅಷ್ಟು ಕಾಲ ಆಟ ನಿಲ್ಲಲಿಲ್ಲ. ಹಳೆಯ ನಿಯಮಕ್ಕೆ ಹೊಸದನ್ನು ತೇಪೆ ಹಾಕಿ, ಸಿಗದ ಕಡೆ ತಮ್ಮದನ್ನೇ ಹೊಲಿದು ಆಡಿದರು. ಅಲ್ಲಿಯೂ ಮೇಜಿಗೊಂದು ಮಾತು ಹುಟ್ಟಿತು. 2012ರಲ್ಲಿ ಹೊಸ ಪ್ರಕಾಶಕರು ಐದನೆಯ ಆವೃತ್ತಿಯ ಕರಡನ್ನೇ ಆಟಗಾರರ ಕೈಗಿಟ್ಟರು. 1,75,000ಕ್ಕೂ ಹೆಚ್ಚು ಮಂದಿ ಅದನ್ನು ಪರೀಕ್ಷಿಸಿದ ಬಳಿಕ, 2014ರಲ್ಲಿ ಪುಸ್ತಕಗಳು ಒಂದೊಂದಾಗಿ ಬಂದವು. ಆ ಆವೃತ್ತಿ ಹತ್ತು ವರ್ಷ ಗಟ್ಟಿಯಾಗಿ ನಿಂತಿತು. ಅದೇ ಪ್ರಕಾಶಕರು, ತಮ್ಮ ನಿಯಮಗಳನ್ನು ಇತರರು ಬಳಸಲು ಕೊಟ್ಟಿದ್ದ ಪರವಾನಗಿಯ ಷರತ್ತುಗಳನ್ನು ಬದಲಿಸಲು ಹೊರಟ ಸುದ್ದಿ 2023ರ ಜನವರಿಯಲ್ಲಿ ಹೊರಬಿದ್ದಾಗ, ತಿಂಗಳು ತುಂಬುವುದರೊಳಗೆ ಹಿಂದೆ ಸರಿಯಬೇಕಾಯಿತು. ಎರಡಕ್ಕೂ ಇದ್ದ ವ್ಯತ್ಯಾಸ ಸರಳ: ಮೊದಲನೆಯದನ್ನು ಜನ ಆಡಿ ನೋಡಿದ್ದರು, ಎರಡನೆಯದು ಅವರ ಬೆನ್ನ ಹಿಂದೆ ತಯಾರಾಗಿತ್ತು.

ವೇಗವಾಗಿ, ಹೇರಳವಾಗಿ ನಿಯಮ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ, ಮೈಸೂರಿನಲ್ಲೇ ಉದಾಹರಣೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ವಿಷಯದಲ್ಲಿ ಅಸಾಧಾರಣ ಬುದ್ಧಿವಂತರು. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಆಟಗಳಿಗೇ ಮೀಸಲು. ಅದರಲ್ಲಿ ಗಂಜೀಫಾ ಎಂಬ ಎಲೆಯಾಟದ ಹೊಸ ಹೊಸ ‘ಛದ’ಗಳಿವೆ, ಅಂದರೆ ಬೇರೆ ಬೇರೆ ಎಲೆಕಟ್ಟಿನ ಆಟಗಳಿವೆ; ಚಾಮುಂಡೇಶ್ವರಿ ಛದಕ್ಕೆ 320 ಎಲೆ ಬೇಕು. ನಿಯಮ ಪೂರ್ಣವಾಗಿತ್ತು, ಬರಹದಲ್ಲಿತ್ತು, ರಾಜನ ಬೆಂಬಲವಿತ್ತು. ಆದರೆ ಅದನ್ನು ಬಾಯಿಪಾಠ ಮಾಡಿಕೊಂಡು ಹಟ್ಟಿಯಿಂದ ಹಟ್ಟಿಗೆ ಒಯ್ಯುವವರಿರಲಿಲ್ಲ. ಇಂದು ಗಂಜೀಫಾ ಉಳಿದಿರುವುದು ರಘುಪತಿ ಭಟ್ಟರಂಥ ಕಲಾವಿದರ ಕುಂಚದಲ್ಲಿ, ಚಿತ್ರವಾಗಿ. ಇದಕ್ಕೆ ಎದುರಾಗಿ ಚದುರಂಗವನ್ನು ನೋಡಬಹುದು. ಯುರೋಪಿನ ನಿಯಮ ನಮ್ಮ ಹಳ್ಳಿಗಳಿಗೆ ಎಷ್ಟು ನಿಧಾನವಾಗಿ ಬಂತೆಂದರೆ, ಪಂಜಾಬಿನ ಮೀರ್ ಸುಲ್ತಾನ್ ಖಾನ್ 20ನೆಯ ಶತಮಾನದಲ್ಲೂ ಕಲಿತದ್ದು ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ ಕೊಡುವ ದೇಶಿ ಕ್ರಮವನ್ನು. ಆ ನಿಧಾನ ಅವರನ್ನು ಕೆಡಿಸಲಿಲ್ಲ. ಹೊಸ ನಿಯಮ ಕಲಿತು 1929, 1932, 1933ರಲ್ಲಿ ಅವರು ಬ್ರಿಟಿಷ್ ಚಾಂಪಿಯನ್ ಆದರು.

ನನ್ನ ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವೂ ಅಲ್ಲ. ಮೊದಲನೆಯದು ಹಣದ್ದು: ಜಗಲಿಯ ಆಟಿಗೆ ಯಾರೂ ಬೆಲೆ ಕಟ್ಟಲಿಲ್ಲ, ಪ್ರಕಾಶಕ ಒಂದೇ ಆಟಕ್ಕೆ ಮೂರು ಬಾರಿ ಬೆಲೆ ತೆಗೆದುಕೊಳ್ಳುತ್ತಾನೆ. ಮಾತು ನಿಜ. 2024ರ ಸೆಪ್ಟೆಂಬರ್‌ನಲ್ಲಿ ಬರತೊಡಗಿದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ನ ಪರಿಷ್ಕೃತ ನಿಯಮ ಪೂರ್ಣವಾದದ್ದು 2025ರ ಫೆಬ್ರವರಿಯಲ್ಲಿ. ಆ ಐದು ತಿಂಗಳಲ್ಲಿ ಕೊಂಡವನ ಅನುಭವದಿಂದ ಮುಂದಿನ ಪುಸ್ತಕ ತಿದ್ದುವಂತಿದ್ದರೆ ಅದು ಪರೀಕ್ಷೆ. ಎಲ್ಲವೂ ಮೊದಲೇ ಸಿದ್ಧವಿದ್ದು ಅಂಗಡಿಗೆ ಮಾತ್ರ ಕಂತಿನಲ್ಲಿ ಬಂದರೆ ಅದು ವ್ಯಾಪಾರ. ಅಭಿಮಾನಿಗಳು ಅಳೆಯಬೇಕಾದದ್ದು ಇದನ್ನು, ಕ್ಯಾಲೆಂಡರನ್ನಲ್ಲ. ಎರಡನೆಯ ಆಕ್ಷೇಪ ಇನ್ನೂ ಚೂಪು: ಅಷ್ಟು ನಿಧಾನವಾಗಿದ್ದುದರಿಂದಲೇ ಅಲ್ಲವೇ ಚೆನ್ನೆ ಸೊರಗಿದ್ದು? ಬರೆದಿಟ್ಟಿದ್ದರೆ ಉಳಿಯುತ್ತಿತ್ತಲ್ಲ? ಬರೆದಿಟ್ಟ ಚಾಮುಂಡೇಶ್ವರಿ ಛದ ಇದಕ್ಕೆ ಅರ್ಧ ಉತ್ತರ. ಉಳಿದರ್ಧ ಇಲ್ಲಿಯೇ ಇದೆ. ಚೆನ್ನೆಯನ್ನು ಸೊರಗಿಸಿದ್ದು ಗದ್ದೆ, ಅಟ್ಟ, ಆಟಿಯ ಬಿಡುವು ಒಟ್ಟಿಗೆ ಹೋದದ್ದು. ಆಡುವ ತಿಂಗಳೇ ಇಲ್ಲದ ಆಟಕ್ಕೆ ತ್ವರಿತ ನಿಯಮಾವಳಿ ಏನು ಮಾಡೀತು? ಮೂರನೆಯವರು ನ್ಯಾಯದ ಮಾತಾಡುತ್ತಾರೆ: ಬಹುಮಾನವಿದ್ದ ಮೇಲೆ ಎಲ್ಲರಿಗೂ ಒಂದೇ ನಿಯಮ ಬೇಡವೇ? ಬೇಕು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಸ್ಪರ್ಧೆಯ ಬೆಳಗ್ಗೆ ಮೈಕಿನಲ್ಲಿ ಓದಿದ ನಿಯಮ ಎಲ್ಲರಿಗೂ ಒಂದೇ ಆಗುವುದಿಲ್ಲ. ಅದು ಯಾರ ಮನೆಯ ಕ್ರಮವೋ ಅವರಿಗೆ ರೂಢಿ, ಉಳಿದವರಿಗೆ ಪರಕೀಯ.

ಹಳೆಯ ಆಟಿ ಮರಳುವುದಿಲ್ಲ, ಮರಳಬೇಕೆಂದು ಹಂಬಲಿಸುವುದರಲ್ಲಿ ಅರ್ಥವೂ ಇಲ್ಲ. ಆದರೆ ಅದರ ಲೆಕ್ಕಾಚಾರವನ್ನು ಉಳಿಸಿಕೊಳ್ಳಲು ಗದ್ದೆಯೂ ಬೇಡ, ಅಟ್ಟವೂ ಬೇಡ. ಸ್ಪರ್ಧೆ ನಡೆಸುವ ಸಂಘಗಳು ಈ ಆಟಿಯಲ್ಲಿ ಹಾಳೆಯನ್ನು ಹಂಚಲಿ, ಬಹುಮಾನವಿಲ್ಲದೆ ಆಡಿಸಲಿ. ‘ನಮ್ಮಲ್ಲಿ ಹೀಗಲ್ಲ’ ಎಂದವರ ಕ್ರಮವನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳಲಿ. ಆ ಹಾಳೆ ಕೊಲ್ಲಿಗೂ ಮುಂಬೈಗೂ ಹೋಗಿ ಬರಲಿ. ಬಹುಮಾನ ಮುಂದಿನ ಆಟಿಗೆ ಇರಲಿ. ಒಂದು ವರ್ಷ ತಡವಾಯಿತೆಂದು ಯಾರಾದರೂ ದೂರಿದರೆ, ಹಿಂದೆ ಅದಕ್ಕೆ ಒಂದು ಮದುವೆಯಷ್ಟು ಕಾಲ ಹಿಡಿಯುತ್ತಿತ್ತು ಎಂದು ನೆನಪಿಸಿದರೆ ಸಾಕು.